ಪಾಲಿಯೇಟಿವ್ ಜೀಪಿನ ಹಿಂದಿನ ಸೀಟು: ಗಡಿನಾಡಿನ ಒಬ್ಬ ಸ್ವಯಂಸೇವಕಿಯ ಅನುಭವ

"ಪಾಲಿಯೇಟಿವ್‌ಗೆ ಸೇರಬೇಕಾದರೆ ಎಂತ ಮಾಡಬೇಕು?" ಎಂದು ಈಚೆಗೆ ತುಂಬ ಜನ ಕೇಳುತ್ತಿದ್ದಾರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರೇ ಜಾಸ್ತಿ. ಪಾಲಿಯೇಟಿವ್ ಎಂದರೆ ದೊಡ್ಡ ಕಾಯಿಲೆಯವರ ನೋವು, ತೊಂದರೆ ತಗ್ಗಿಸುವ ಆರೈಕೆ. ನಾನು ಶುರು ಮಾಡುವಾಗ ಕನ್ನಡದಲ್ಲಿ ಹೇಳಿಕೊಡುವವರು ಯಾರೂ ಸಿಗಲಿಲ್ಲ. ಸಿಕ್ಕಿದ ಕಾಗದಗಳೆಲ್ಲ ಮಲಯಾಳದಲ್ಲಿದ್ದವು. ಅದಕ್ಕೇ ಅರ್ಜಿ ಕೊಟ್ಟಲ್ಲಿಂದ ಹಿಡಿದು, ನಾನು ಕೊನೆಯವರೆಗೆ ಜೊತೆಗಿದ್ದ ಮೊದಲ ಮನೆಯ ಕೆಲಸ ಮುಗಿಯುವವರೆಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ರೋಗಿಗಳ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ರೋಗಿಯ ವಿಷಯ ಹೊರಗೆ ಹೇಳುವುದಿಲ್ಲ ಎಂದು ಸೇರುವಾಗಲೇ ಸಹಿ ಹಾಕಿಸಿಕೊಳ್ಳುತ್ತಾರೆ. ನೀವು ಸೇರಿದರೆ ನಿಮಗೂ ಅದೇ ನಿಯಮ.

ಮೊದಲು ಒಂದು ಗೊಂದಲ ತೆಗೆದುಬಿಡುತ್ತೇನೆ. ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆ) ಎಂದ ಕೂಡಲೇ ಒಂದು ಕಟ್ಟಡ, ಅಲ್ಲಿ ಸಾಲು ಮಂಚ, ಕೊನೆಯ ದಿನ ಎಣಿಸುವವರು ಎಂದು ಕಣ್ಣಿಗೆ ಬರುತ್ತದೆ. ಅಂಥ ಕಟ್ಟಡಗಳು ಇವೆ. 1967ರಲ್ಲಿ ಡಾಕ್ಟರ್ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಅಂಥದ್ದೊಂದನ್ನು ಶುರು ಮಾಡಿದರು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಸದನ ಬಂತು. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಕೇರಳ ಹಿಡಿದ ದಾರಿ ಬೇರೆ. 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಜೊತೆಯವರು ಕಲ್ಲಿಕೋಟೆಯಲ್ಲಿ ಪೈನ್ ಆಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಆಮೇಲೆ ಮಲಪ್ಪುರಂ ಕಡೆ ಊರಿನವರೇ ಸೇರಿ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕ್ರಮ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿಯೇ ಒಂದು ನೀತಿ ತಂದಿತು. ದೇಶದಲ್ಲಿ ಅದೇ ಮೊದಲು. ಈಗ ಪಂಚಾಯತಿನಲ್ಲಿ ಪಾಲಿಯೇಟಿವ್ ನರ್ಸ್ ಇರುತ್ತಾರೆ, ಓಡಾಡಲು ಗಾಡಿ ಇರುತ್ತದೆ, ಆಶಾ ಕಾರ್ಯಕರ್ತೆ ದಾರಿ ತೋರಿಸುತ್ತಾರೆ. ಹಾಗಾಗಿ ನಮ್ಮಲ್ಲಿ ಹಾಸ್ಪೈಸ್ ಎಂದರೆ ರೋಗಿಯ ಮನೆಯ ಚಾವಡಿಯೇ.

ಇಷ್ಟೆಲ್ಲ ಇದ್ದೂ ನಮ್ಮ ಭಾಗದ ಎಷ್ಟೋ ಮನೆಗಳಿಗೆ ಇದರ ಸುದ್ದಿಯೇ ಇಲ್ಲ. ಕಾರಣ ಸುಲಭ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಬಂದಿದ್ದರೂ, ದೊಡ್ಡ ಕಾಯಿಲೆ ಎಂದ ಕೂಡಲೇ ನಾವು ಹತ್ತುವುದು ಮಂಗಳೂರಿನ ಬಸ್ಸು. ಅಲ್ಲಿ ಚಿಕಿತ್ಸೆ ಆಗುತ್ತದೆ, ಕೀಮೋ ಆಗುತ್ತದೆ. ಒಂದು ದಿನ "ಇನ್ನು ಮನೆಗೆ ಕರಕೊಂಡು ಹೋಗಿ" ಎನ್ನುತ್ತಾರೆ. ಗಡಿಯಾಚೆಯ ಡಾಕ್ಟರಿಗೆ ಈಚೆ ಪಂಚಾಯತಿನಲ್ಲಿ ನರ್ಸ್ ಇದ್ದಾರೆಂದು ಗೊತ್ತಿರುವುದಿಲ್ಲ. ಈಚೆಯ ನರ್ಸಿಗೆ ರೋಗಿ ವಾಪಸು ಬಂದದ್ದು ಗೊತ್ತಾಗುವುದಿಲ್ಲ. ನಮ್ಮ ನೆರೆಮನೆಯಲ್ಲೇ ಹೀಗಾಗಿತ್ತು. ಅವರು ನೋವಿನಲ್ಲಿ ಬೊಬ್ಬೆ ಹಾಕುತ್ತಿದ್ದದ್ದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಅವರು ತೀರಿಕೊಂಡ ಮೇಲೆ ಆಶಾ ಕಾರ್ಯಕರ್ತೆ ಹೇಳಿದರು, "ನನಗೊಂದು ಫೋನ್ ಮಾಡಿದ್ದರೆ ಸಾಕಿತ್ತಲ್ವಾ ಅಕ್ಕ?" ನಾನು ಸೇರಲು ಹೊರಟದ್ದು ಆ ಮಾತಿನಿಂದ.

ಅರ್ಜಿಗೆ ಬೇಕಾದದ್ದು ಹೆಚ್ಚೇನೂ ಇಲ್ಲ. ಆಧಾರ್ ಪ್ರತಿ, ಎರಡು ಫೋಟೋ, ವಿಳಾಸ, ವಾರದಲ್ಲಿ ಯಾವ ದಿನ ಬರಬಹುದು ಎಂಬುದು. ಫಾರ್ಮ್ ಮಲಯಾಳದಲ್ಲಿತ್ತು. ನನಗೆ ಮಲಯಾಳ ಮಾತಾಡಲು ತೊಂದರೆ ಇಲ್ಲ, ಓದುವುದು ನಿಧಾನ. ನಾವು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಕನ್ನಡ ಫಾರ್ಮ್ ಉಂಟಾ ಎಂದು ಕೇಳಿದೆ. ಕೌಂಟರಿನವರು ತಲೆ ಎತ್ತದೆ "ಇಲ್ಲ" ಎಂದರು. ಕಾಸರಗೋಡಿನಲ್ಲಿ ಕನ್ನಡದವರು ಭಾಷಾ ಅಲ್ಪಸಂಖ್ಯಾತರು, ಕನ್ನಡದಲ್ಲಿ ಫಾರ್ಮ್ ಕೇಳುವುದು ನಮ್ಮ ಹಕ್ಕು. ಆದರೆ ಆ ಜಗಳಕ್ಕೆ ಆವತ್ತು ನನಗೆ ಪುರುಸೊತ್ತಿರಲಿಲ್ಲ. ಮಗಳ ಹತ್ತಿರ ಓದಿಸಿ ತುಂಬಿದೆ. ನಿಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದರೆ ಇದಕ್ಕೆ ಅವರೇ ಸಾಕು.

ಕೊಟ್ಟ ಮೇಲೆ ಕಾಯುವುದು. ತರಬೇತಿಗೆ ಒಂದಷ್ಟು ಜನ ಸೇರದೆ ಬ್ಯಾಚ್ ಶುರು ಮಾಡುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಕಾಲ ಬಂತು, ಹೋಯಿತು. ಫೋನ್ ಬರಲಿಲ್ಲ. ಕಡೆಗೆ ನಾನೇ ಆಶಾ ಕಾರ್ಯಕರ್ತೆಯ ಬೆನ್ನು ಬಿದ್ದೆ. ಆ ನಡುವೆ ಮಾಡಬಹುದಾದ ಒಂದು ಕೆಲಸ ಇದೆ: ಹೆಪಟೈಟಿಸ್ ಬಿ ಚುಚ್ಚುಮದ್ದು. ಗಾಯ, ರಕ್ತ, ಸೂಜಿ ಇರುವಲ್ಲಿಗೆ ಹೋಗುವವರು ಹಾಕಿಸಿಕೊಳ್ಳುವುದು ಒಳ್ಳೆಯದು. ಮೂರು ಡೋಸ್. ಮೊದಲನೆಯದು ಹಾಕಿಸಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬೇಗ ಶುರು ಮಾಡಿದಷ್ಟು ಬೇಗ ಮುಗಿಯುತ್ತದೆ.

ಮನೆಯಲ್ಲಿ ಆದದ್ದನ್ನೂ ಹೇಳಬೇಕು. ಅತ್ತೆಗೆ ಇದು ಇಷ್ಟವಿರಲಿಲ್ಲ. "ಸಾವಿನ ಮನೆ ಹುಡುಕಿಕೊಂಡು ಹೋಗುವುದು ಎಂತಕ್ಕೆ?" ಎಂದರು. ವಾಪಸು ಬಂದರೆ ಹಿಂದಿನ ಬಾಗಿಲಿನಿಂದ ಬಂದು, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು ಎಂಬ ಕರಾರು ಬಂತು. ನಾನು ಒಪ್ಪಿಕೊಂಡೆ. ಹೇಗೂ ಸ್ನಾನ ಬೇಕೇ ಬೇಕು. ವಾದ ಮಾಡಿ ಗೆದ್ದು ಬೇಜಾರಿನಲ್ಲಿ ಹೊರಡುವುದಕ್ಕಿಂತ ಬಚ್ಚಲಿಗೆ ಹೋಗುವುದು ಸುಲಭ. ಈಗ ಅತ್ತೆಯೇ ಹಂಡೆಗೆ ಬೆಂಕಿ ಹಾಕಿಟ್ಟಿರುತ್ತಾರೆ.

ತರಬೇತಿ ಮೂರು ದಿನ. ನಾನು ಬ್ಯಾಂಡೇಜು, ಸೂಜಿ ಎಂದೆಲ್ಲ ಎಣಿಸಿಕೊಂಡು ಹೋಗಿದ್ದೆ. ಮೊದಲ ದಿನ ಇಡೀ ಮಾತು ಕೇಳುವುದರ ಮೇಲೇ ಹೋಯಿತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬರು ತಮ್ಮ ಮನಸ್ಸಿನ ಒಂದು ಕಷ್ಟ ಹೇಳಬೇಕು. ಇನ್ನೊಬ್ಬರು ಐದು ನಿಮಿಷ ಬರೇ ಕೇಳಬೇಕು. ಸಲಹೆ ಇಲ್ಲ, "ನನಗೂ ಹೀಗೇ ಆಗಿತ್ತು" ಇಲ್ಲ, "ಎಲ್ಲ ಸರಿಯಾಗುತ್ತದೆ" ಅಂತೂ ಇಲ್ಲವೇ ಇಲ್ಲ. ಐದು ನಿಮಿಷ ಇಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ ಮಾರಾಯ್ರೆ. ನನ್ನ ಎದುರಿಗಿದ್ದ ನಿವೃತ್ತ ಮೇಷ್ಟ್ರು ಒಂದೂವರೆ ನಿಮಿಷಕ್ಕೇ ಉಪದೇಶ ಶುರು ಮಾಡಿದರು.

ಎರಡನೇ ದಿನ ಕೈಕೆಲಸ. ಹಾಸಿಗೆ ಹಿಡಿದವರನ್ನು ಬೆಡ್‌ಶೀಟಿನ ಸಹಾಯದಿಂದ ಹೊರಳಿಸುವುದು, ಮಲಗಿದಲ್ಲೇ ಮೈ ಒರೆಸುವುದು, ಬಾಯಿ ಸ್ವಚ್ಛ ಮಾಡುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಎಲುಬು, ಬೆನ್ನಿನ ಬುಡ, ಭುಜ, ಇಷ್ಟನ್ನು ದಿನಾ ನೋಡಬೇಕು. ಕೆಂಪಾದಲ್ಲಿ ಎಣ್ಣೆ ಹಾಕಿ ತಿಕ್ಕಬಾರದು. ನಾವೆಲ್ಲ ಅದನ್ನೇ ಮಾಡುವವರು ಅಲ್ವಾ? ಅದರಿಂದ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದಂತೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಹಾಸಿಗೆಯ ಮೇಲೆ ಇಡಬಾರದು. ಮೂಗಿನ ನಳಿಗೆಯಲ್ಲಿ ಗಂಜಿನೀರು ಕೊಡುವಾಗ ತಲೆಯ ಕಡೆ ಎತ್ತರಿಸಬೇಕು, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಿಸಬೇಕು. ನಳಿಗೆ ಹಾಕುವುದು, ತೆಗೆಯುವುದು, ಔಷಧಿ ಬದಲಿಸುವುದು ನರ್ಸಿನ ಕೆಲಸ. ನಾವು ಕೈ ಹಾಕುವ ಹಾಗಿಲ್ಲ.

ಮೂರನೇ ದಿನ ಮಾಡಬಾರದ್ದರ ಪಟ್ಟಿ. ಫೋಟೋ ತೆಗೆಯಬಾರದು. ದುಡ್ಡು ಕೊಡಬಾರದು, ತೆಗೆದುಕೊಳ್ಳಲೂಬಾರದು. ದೇವರು, ಹರಕೆ, ನಾಟಿ ಮದ್ದಿನ ವಿಷಯ ನಾವಾಗಿ ಎತ್ತಬಾರದು. ಈ ಮನೆಯ ಸುದ್ದಿ ಆ ಮನೆಯಲ್ಲಿ ಹೇಳಬಾರದು. ನಮ್ಮ ಊರಿನಲ್ಲಿ ಈ ಕೊನೆಯದೇ ಕಷ್ಟ.

ತರಬೇತಿ ಮುಗಿದ ಮೇಲೂ ಒಂಟಿಯಾಗಿ ಎಲ್ಲಿಗೂ ಕಳಿಸುವುದಿಲ್ಲ. ನರ್ಸ್, ಆಶಾ ಕಾರ್ಯಕರ್ತೆ, ಡ್ರೈವರ್, ಮತ್ತೆ ಹಿಂದಿನ ಸೀಟಿನಲ್ಲಿ ನಾನು. ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಕಳೆಯುತ್ತದೆ. ಊಟದ ಹೊತ್ತು ಹೇಳಲಿಕ್ಕಾಗದು, ಚೀಲದಲ್ಲಿ ನೀರು ಮತ್ತು ಏನಾದರೂ ತಿನ್ನಲು ಇರಲಿ. ರೋಗಿಯ ಮನೆಯಲ್ಲಿ ಚಾ ಕೊಟ್ಟರೆ ಕುಡಿಯಿರಿ. ಬೇಡ ಎಂದರೆ ಅಸಹ್ಯ ಪಟ್ಟುಕೊಂಡರು ಎಂದೇ ಎಣಿಸುತ್ತಾರೆ.

ಮೊದಲ ವಾರ ಒಂದು ಮನೆಯವರು ಫೋನ್ ಮಾಡಿ, ಗಾಡಿಯನ್ನು ದೈವಸ್ಥಾನದ ಹತ್ತಿರ ನಿಲ್ಲಿಸಿ ನಡೆದುಕೊಂಡು ಬನ್ನಿ ಎಂದರು. ಗಾಡಿಯ ಮೇಲೆ ಪಾಲಿಯೇಟಿವ್ ಎಂದು ಬರೆದಿದೆಯಲ್ಲ. ಅದು ಅಂಗಳಕ್ಕೆ ಬಂದರೆ ಇನ್ನು ಆಯಿತು ಎಂದು ಊರಿಡೀ ಮಾತಾಗುತ್ತದೆ. ಸಿಸ್ಟರ್ ಏನೂ ಹೇಳದೆ ಬ್ಯಾಗು ಹಿಡಿದು ಗುಡ್ಡೆ ಹತ್ತಿದರು. ಈ ಹೆದರಿಕೆಯಿಂದಲೇ ಜನ ನಮ್ಮನ್ನು ತೀರಾ ಕಡೆಗೆ ಕರೆಯುತ್ತಾರೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಪಾಲಿಯೇಟಿವ್ ಜೊತೆಗಿರಬಹುದು. ಮಂಗಳೂರಿನ ಡಾಕ್ಟರನ್ನು ಬಿಡಬೇಕೆಂದು ಇಲ್ಲವೇ ಇಲ್ಲ. ನೋವು, ವಾಂತಿ, ಗಾಯ, ನಿದ್ದೆ ಇಲ್ಲದಿರುವುದು, ಇದಕ್ಕೆಲ್ಲ ಮೊದಲ ದಿನದಿಂದಲೇ ಸಹಾಯ ಸಿಗುತ್ತದೆ.

ಪಾಲಿಯೇಟಿವ್ ಎಂದರೆ ಸಾಯುವವರಿಗೆ ಮಾತ್ರ ಎಂಬ ಮಾತನ್ನು ಕಾಸರಗೋಡಿನವರಂತೂ ಹೇಳಲೇಬಾರದು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಗೆ ಹೋಗಿ ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರಲ್ಲಿ. ಹುಟ್ಟಿದಂದಿನಿಂದ ಮಲಗಿದಲ್ಲೇ ಇದ್ದು ಮೂವತ್ತು ದಾಟಿದವರು ಆ ಮನೆಗಳಲ್ಲಿ ಇದ್ದಾರೆ. ಅಲ್ಲಿ ನಮ್ಮ ಕೆಲಸ ಇರುವುದು ಅಮ್ಮಂದಿರ ಹತ್ತಿರ. ಅಂಥ ಒಬ್ಬ ಅಮ್ಮನಿಗೆ ಎಪ್ಪತ್ತರ ಹತ್ತಿರ. ಮಗನನ್ನು ಎತ್ತಿ ಎತ್ತಿ ಬೆನ್ನು ಹೋಗಿದೆ. ನಾವು ಹೋದಾಗ ಅವರಿಗೆ ಬೇಕಾದದ್ದು ಇಷ್ಟೇ: ಒಂದು ಗಂಟೆ ಯಾರಾದರೂ ಮಗನ ಹತ್ತಿರ ಕೂತಿರಬೇಕು, ಅವರು ಪೇಟೆಗೆ ಹೋಗಿ ಬರಬೇಕು. ನಾನು ಕೂತೆ. ಅವರು ಬರುವಾಗ ಕೈಯಲ್ಲಿ ಎರಡು ಮೊಳ ಮಲ್ಲಿಗೆ ಇತ್ತು.

ಈಗ ನಾನು ಕೊನೆಯವರೆಗೆ ಹೋದ ಮನೆಯ ವಿಷಯ. ಆ ಅಜ್ಜನಿಗೆ ಎಪ್ಪತ್ತು ದಾಟಿತ್ತು. ಪ್ರಾಯದಲ್ಲಿ ಅಡಿಕೆ ಮರ ಹತ್ತುತ್ತಿದ್ದವರು. ಎಲೆ, ಹೊಗೆಸೊಪ್ಪು ಬಾಯಿಯಿಂದ ಬಿಟ್ಟವರಲ್ಲ. ಕೆನ್ನೆಯ ಕ್ಯಾನ್ಸರ್. ಮಂಗಳೂರಿನಲ್ಲಿ ಆಪರೇಷನ್, ಕರೆಂಟು (ರೇಡಿಯೇಷನ್) ಎಲ್ಲ ಆಗಿ, ಮತ್ತೆ ಬಂದು, ಮನೆಗೆ ಕಳಿಸಿದ್ದರು. ಹೆಂಡತಿ ಬೀಡಿ ಕಟ್ಟುತ್ತಾರೆ. ಒಬ್ಬನೇ ಮಗ, ಶಾರ್ಜಾದಲ್ಲಿ. ಮನೆಯ ಮಾತು ತುಳು.

ಸಿಸ್ಟರ್ ಪಯ್ಯನ್ನೂರಿನ ಕಡೆಯವರು, ಮಲಯಾಳ ಮಾತ್ರ. ನಡುವೆ ನಾನು ಮಾತು ದಾಟಿಸಬೇಕು. ಇದನ್ನು ಸುಲಭ ಎಂದುಕೊಳ್ಳಬೇಡಿ. ಸಿಸ್ಟರ್ ನನಗೆ ಮೊದಲೇ ಹೇಳಿದ್ದರು: ಅವರು ಹೇಳಿದಷ್ಟೇ ನನಗೆ ಹೇಳಿ, ನಾನು ಹೇಳಿದಷ್ಟೇ ಅವರಿಗೆ ಹೇಳಿ, ಸಿಹಿ ಬೆರೆಸಬೇಡಿ. ಇನ್ನೊಂದು ತೊಡಕು, ರೋಗಿಯನ್ನು ಕೇಳಿದರೆ ಉತ್ತರ ಬರುವುದು ಮನೆಯವರಿಂದ. "ನೋವು ಎಷ್ಟಿದೆ?" ಎಂದರೆ ಅಜ್ಜಿಯೇ "ಅಷ್ಟೇನೂ ಇಲ್ಲ" ಎಂದುಬಿಟ್ಟರು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದು ಸಿಸ್ಟರ್ ಅಜ್ಜನನ್ನೇ ಕೇಳಿದರು. ಅವರು ಸುಮ್ನೆ ನೋಡಿದರು. ನಾನು ತುಳುವಿನಲ್ಲಿ, ಹದಿನಾರಾಣೆಯಲ್ಲಿ ಎಷ್ಟಾಣೆ ಅಜ್ಜ ಎಂದು ಕೇಳಿದೆ. ಕೂಡಲೇ ಉತ್ತರ ಬಂತು: ಹದಿನಾಲ್ಕಾಣೆ. ಸಿಸ್ಟರ್ ತಮ್ಮ ಪುಸ್ತಕದಲ್ಲಿ ಒಂಬತ್ತು ಎಂದು ಬರೆದುಕೊಂಡರು.

ಡಾಕ್ಟರ್ ಮಾರ್ಫಿನ್ ಬರೆದರು. ಇದರ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ, ಏಕೆಂದರೆ ಹೆದರಿಕೆ ತುಂಬ ಇದೆ. ಮಾರ್ಫಿನ್ ಎಲ್ಲ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆ ಅಥವಾ ಘಟಕದಿಂದಲೇ ಬರಬೇಕು. 1985ರ ಮಾದಕ ವಸ್ತು ಕಾಯಿದೆಯಲ್ಲಿ ಲೈಸೆನ್ಸಿನ ಕಾಟ ವಿಪರೀತ ಇತ್ತು. 2014ರ ತಿದ್ದುಪಡಿಯ ಮೇಲೆ ಸ್ವಲ್ಪ ಸಡಿಲವಾಗಿದೆ. ಮಾತ್ರೆಯನ್ನು ನೋವು ಬಂದಾಗ ಅಲ್ಲ, ಗಡಿಯಾರ ನೋಡಿ ಕೊಡಬೇಕು, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ನೋವು ಬರಲಿ ಎಂದು ಕಾದರೆ ಅದನ್ನು ಮತ್ತೆ ತಗ್ಗಿಸಲು ಹೆಚ್ಚು ಮದ್ದು ಬೇಕಾಗುತ್ತದೆ. ಮಲ ಕಟ್ಟುತ್ತದೆ, ಹಾಗಾಗಿ ಮಲ ಸಡಿಲಿಸುವ ಮದ್ದು ಜೊತೆಗೇ ಇರಬೇಕು. ಮೊದಲ ಒಂದೆರಡು ದಿನ ಮಂಪರು, ವಾಕರಿಕೆ ಇರಬಹುದು. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಇದು ಸಾವನ್ನು ಹತ್ತಿರ ತರುವುದಿಲ್ಲ, ಚಟ ಹಿಡಿಯುವುದೂ ತೀರಾ ಅಪರೂಪ. ಕಪಾಟಿನಲ್ಲಿ ಬೀಗ ಹಾಕಿ ಇಡಿ. ಉಳಿದದ್ದನ್ನು ಎಣಿಸಿ ವಾಪಸು ಕೊಡಬೇಕು.

ಅಜ್ಜಿಗೆ ಓದಲು ಬರುವುದಿಲ್ಲ. ಬೀಡಿ ಎಲೆಯ ಖಾಲಿ ಕಟ್ಟಿನ ರಟ್ಟಿನ ಮೇಲೆ ಗಡಿಯಾರದ ಚಿತ್ರ ಬರೆದು, ಮುಳ್ಳು ಎಲ್ಲಿಗೆ ಬಂದಾಗ ಯಾವ ಮಾತ್ರೆ ಎಂದು ಮಾತ್ರೆಯ ಖಾಲಿ ಪಟ್ಟಿಯನ್ನೇ ಅಂಟಿಸಿಕೊಟ್ಟೆ. ಗಾಯದ ವಾಸನೆಗೆ ಸಿಸ್ಟರ್ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿ ಡ್ರೆಸ್ಸಿಂಗ್ ಮಾಡಿದರು. ವಾಸನೆ ಎಂದರೆ ಸಣ್ಣದಲ್ಲ. ಹತ್ತಿರದ ನೆಂಟರೂ ಜಗಲಿಯಿಂದಲೇ ಮಾತಾಡಿಸಿ ಹೋಗುತ್ತಿದ್ದರು. ವಾಸನೆ ಕಡಿಮೆಯಾದ ಮೇಲೆ ಒಳಗೆ ಬರತೊಡಗಿದರು. ಮುಂದಿನ ವಾರ ಕೇಳಿದಾಗ ನೋವು ನಾಲ್ಕಾಣೆಗೆ ಇಳಿದಿತ್ತು.

ನೋವು ಇಳಿದ ಮೇಲೆ ಮಾತು ಶುರುವಾಯಿತು. ಅಜ್ಜಿ ಮೊದಲ ದಿನವೇ ನನ್ನನ್ನು ಬಾವಿಕಟ್ಟೆಗೆ ಕರೆದು, "ಕಾಯಿಲೆ ಎಂತದು ಅಂತ ಅವರಿಗೆ ಗೊತ್ತಿಲ್ಲ, ಹೇಳಬೇಡಿ" ಎಂದಿದ್ದರು. ಒಂದು ದಿನ ಅಜ್ಜಿ ಅಡುಗೆಮನೆಯಲ್ಲಿದ್ದಾಗ ಅಜ್ಜ ನನ್ನ ಹತ್ತಿರ, ತಾನು ಹೆಚ್ಚು ದಿನ ಇರುವುದಿಲ್ಲ ಎಂದು ಅವಳಿಗೆ ಹೇಳಬೇಡಿ, ಆದರೆ ಅವಳ ಸರ ಸೊಸೈಟಿಯಲ್ಲಿ ಅಡವಿದೆ, ಚೀಟಿ ಎಲ್ಲಿದೆ ಅಂತ ಯಾರಿಗಾದರೂ ಹೇಳಬೇಕು ಎಂದರು. ಸರ ಅಡವಿಟ್ಟದ್ದು ಮಗನ ವೀಸಾಕ್ಕೆ. ಬಡ್ಡಿ ಕಟ್ಟದೆ ಬಹಳ ದಿನ ಆಗಿತ್ತು, ಹರಾಜಿನ ನೋಟೀಸು ಬರುವ ಹಾಗಿತ್ತು. ಅವರು ಇವರಿಂದ ಮುಚ್ಚಿಡುವುದು, ಇವರು ಅವರಿಂದ ಮುಚ್ಚಿಡುವುದು, ನಡುವೆ ಚಿನ್ನ ಹೋಗುವುದು!

ಇಂಥದ್ದು ಬಂದರೆ ಸ್ವಯಂಸೇವಕರು ತಾವೇ ಬಾಯಿ ಬಿಡಬಾರದು, ನರ್ಸಿಗೆ ಹೇಳಬೇಕು. ಅಜ್ಜನ ಒಪ್ಪಿಗೆ ಕೇಳಿ ಹೇಳಿದೆ. ಸಿಸ್ಟರ್ ಇಬ್ಬರನ್ನೂ ಕೂರಿಸಿ, ಯಾರಿಗೆ ಎಷ್ಟು ಗೊತ್ತು ಎಂದು ಅವರಿಂದಲೇ ಹೊರಡಿಸಿದರು. ಇಬ್ಬರಿಗೂ ಪೂರ್ತಿ ಗೊತ್ತಿತ್ತು. ಸ್ವಲ್ಪ ಹೊತ್ತು ಅತ್ತರು. ಆಮೇಲೆ ಅಜ್ಜಿ ಚೀಟಿಯ ವಿಷಯಕ್ಕೆ ಚೆನ್ನಾಗಿ ಬೈದರು. ನನಗೆ ನಗು ತಡೆಯಲಾಗದೆ ಹೊರಗೆ ಬಂದೆ. ಮರುದಿನ ಸೊಸೈಟಿಗೆ ಹೋಗಿ ಬಡ್ಡಿ ಕಟ್ಟಿದರು. ಮನೆಯವರು ಅನುಸರಿಸಬೇಕಾದ ಒಂದು ಕೆಲಸ ಇದು: ಪಾಸ್‌ಬುಕ್, ಅಡವಿನ ಚೀಟಿ, ಆಧಾರ್, ರೇಷನ್ ಕಾರ್ಡು, ಎಲ್ಲ ಎಲ್ಲಿದೆ ಎಂದು ಮಾತಾಡಲಾಗುವಾಗಲೇ ಕೇಳಿಟ್ಟುಕೊಳ್ಳಿ.

ಕೊನೆಯ ವಾರ ಅಜ್ಜ ಊಟ ಬಿಟ್ಟರು. ಮಗನ ಫೋನು ಶುರುವಾಯಿತು. ವೀಡಿಯೋದಲ್ಲಿ ಅಪ್ಪನ ಮುಖ ನೋಡಿ ಅವನಿಗೆ ತಡೆಯಲಿಲ್ಲ. "ಗ್ಲೂಕೋಸ್ ಆದರೂ ಹಾಕಿಸಿ. ಮಂಗಳೂರಿಗೆ ಕರಕೊಂಡು ಹೋಗಿ, ಐಸಿಯುಗೆ ಹಾಕಿ, ದುಡ್ಡು ನಾನು ಕಳಿಸ್ತೇನೆ." ಅಜ್ಜಿಗೆ ಮಗನ ಮಾತು ತೆಗೆದುಹಾಕಲು ಧೈರ್ಯ ಇಲ್ಲ. ಅಜ್ಜ ಮಾತ್ರ ಮನೆಯಲ್ಲೇ ಇರುತ್ತೇನೆ ಎಂದು ಮೊದಲೇ ಹೇಳಿದ್ದರು. ನಾವು ತೀರ್ಮಾನ ಹೇಳುವವರಲ್ಲ. ಡಾಕ್ಟರ್ ಫೋನಿನಲ್ಲಿ ಮಗನ ಹತ್ತಿರ ತುಂಬ ಹೊತ್ತು ಮಾತಾಡಿದರು. ದೇಹ ಮುಗಿಯುವ ಹೊತ್ತಿಗೆ ಹಸಿವು ತಾನಾಗಿ ಹೋಗುತ್ತದೆ, ಒತ್ತಾಯದಿಂದ ಗಂಜಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗಬಹುದು, ಡ್ರಿಪ್ ಹಾಕಿದರೆ ಕಫ, ಬಾವು ಜಾಸ್ತಿಯಾಗಬಹುದು ಎಂದು ಬಿಡಿಸಿ ಹೇಳಿದರು. ಬಾಯಿ ಒಣಗದ ಹಾಗೆ ಬಟ್ಟೆಯಲ್ಲಿ ನೀರು ಅದ್ದಿ ಒರೆಸುತ್ತಿದ್ದರೆ ಸಾಕು ಎಂದರು. ಮಗ ಒಪ್ಪಿದನೋ ಸುಮ್ಮನಾದನೋ ಗೊತ್ತಿಲ್ಲ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ಜನ ದಾರಿಯಲ್ಲೇ ತೀರಿಕೊಂಡದ್ದು ನಮ್ಮ ಯಾರಿಗೂ ಮರೆತಿಲ್ಲ. ಮನೆಯಲ್ಲೇ ಇರಲಿ ಎಂದರೆ ಹಲವರಿಗೆ ಆ ನೆನಪು ಬರುತ್ತದೆ, ಕೈ ಬಿಟ್ಟ ಹಾಗೆ ಅನಿಸುತ್ತದೆ. ಅದು ಬೇರೆ, ಇದು ಬೇರೆ ಎಂದು ಹೇಳುವುದಕ್ಕೆ ತಾಳ್ಮೆ ಬೇಕು.

ಉಸಿರಿನಲ್ಲಿ ಗೊರಗೊರ ಶಬ್ದ, ತಣ್ಣಗಾಗುವ ಕಾಲು, ಉಸಿರು ನಿಂತು ನಿಂತು ಬರುವುದು, ಇದೆಲ್ಲ ಹೇಗಿರುತ್ತದೆ ಎಂದು ಸಿಸ್ಟರ್ ಅಜ್ಜಿಗೆ ಮೊದಲೇ ಹೇಳಿದ್ದರು. ಹಾಗಾಗಿ ರಾತ್ರಿ ಅದು ಬಂದಾಗ ಅಜ್ಜಿ ಆಂಬುಲೆನ್ಸ್ ಕರೆಯಲಿಲ್ಲ, ನೆರೆಮನೆಯವರನ್ನು ಕರೆದರು. ನನಗೆ ಬೆಳಿಗ್ಗೆ ಗೊತ್ತಾಯಿತು. ನಾನು ಅಲ್ಲಿ ಇರಲಿಲ್ಲ. ಸ್ವಯಂಸೇವಕರು ಆ ಹೊತ್ತಿಗೆ ಅಲ್ಲಿರುವುದು ಬಹಳ ಕಡಿಮೆ.

ಆಮೇಲಿನ ಕಾಗದದ ಕೆಲಸ. ಮರಣ ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಮನೆಯಲ್ಲಿ ಆದರೆ ನಿಮ್ಮ ಪಂಚಾಯತಿನಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲಿಯೇ ಆಗುತ್ತದೆ, ಸರ್ಟಿಫಿಕೇಟೂ ಅಲ್ಲಿಂದಲೇ ಬರಬೇಕು. 21 ದಿನದೊಳಗೆ ತಿಳಿಸಿದರೆ ಶುಲ್ಕ ಇಲ್ಲ. ತಡವಾದಷ್ಟು ಅನುಮತಿ, ಅಫಿಡವಿಟ್ ಎಂದು ಅಲೆದಾಟ. ಈ ಮನೆಯಲ್ಲಿ ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ಆಧಾರಿನಲ್ಲಿ ಒಂದು ತರ, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು ತರ, ಬ್ಯಾಂಕಿನಲ್ಲಿ ಮತ್ತೊಂದು. ನಮ್ಮ ಹೆಸರುಗಳು ಮಲಯಾಳಕ್ಕೆ ಹೋಗಿ ಬರುವಾಗ ಬಾಲ ಕಳೆದುಕೊಳ್ಳುತ್ತವೆ. ಒಬ್ಬರೇ ವ್ಯಕ್ತಿ ಎಂಬ ಸರ್ಟಿಫಿಕೇಟಿಗಾಗಿ ಅಜ್ಜಿ ಬೀಡಿ ಬಿಟ್ಟು ಕಚೇರಿ ಮೆಟ್ಟಿಲು ಹತ್ತಿ ಇಳಿದರು. ರೋಗಿ ಇರುವಾಗಲೇ ಹೆಸರು ಹೊಂದಿಸಿ ನೋಡಿ, ತಿದ್ದಿಸಿಕೊಳ್ಳಿ.

ಇನ್ನೊಂದು: ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆ ಇದೆ, ತಿಂಗಳಿಗೆ 600 ರೂಪಾಯಿ. ಡಾಕ್ಟರರ ಸರ್ಟಿಫಿಕೇಟ್ ಬೇಕು, ರೋಗಿ ಬದುಕಿದ್ದಾರೆ ಎಂಬ ಪತ್ರವನ್ನು ವರ್ಷಕ್ಕೊಮ್ಮೆ ಕೊಡಬೇಕು. ಎಂಡೋಸಲ್ಫಾನ್ ಪಟ್ಟಿಯಲ್ಲಿರುವವರಿಗೆ ಸ್ನೇಹಸಾಂತ್ವನಂ ಪಿಂಚಣಿ ಬೇರೆ. ಹಣ ಬರುವುದು ತಡವಾಗಬಹುದು. ಅದನ್ನೇ ನಂಬಿ ಸಾಲ ಮಾಡಬೇಡಿ.

ಬೊಜ್ಜದ (ಉತ್ತರಕ್ರಿಯೆಯ) ದಿನ ಮಗ ಬಂದಿದ್ದ. ನನ್ನನ್ನು ಕಂಡು, "ನೀವು ಪಾಲಿಯೇಟಿವ್‌ನವರು ಬಂದ ಮೇಲೆಯೇ ಅಪ್ಪ ಬೇಗ ಹೋದದ್ದು" ಎಂದ, ನಾಲ್ಕು ಜನರ ಎದುರು. ಹೊಟ್ಟೆಗೆ ಯಾರೋ ಕೈ ಹಾಕಿದ ಹಾಗಾಯಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಊಟ ಮಾಡಿ ಬಂದೆ. ತಿಂಗಳ ಸಭೆಯಲ್ಲಿ ಹೇಳಿಕೊಂಡೆ. ಹಳೆಯ ಸ್ವಯಂಸೇವಕರಿಗೆಲ್ಲ ಇಂಥ ಮಾತು ಒಂದಲ್ಲ ಒಂದು ಮನೆಯಲ್ಲಿ ಸಿಕ್ಕಿದೆಯಂತೆ. ಈ ಸಭೆ ತಪ್ಪಿಸಬೇಡಿ. ಮನೆಯಲ್ಲಿ ಹೇಳುವ ಹಾಗಿಲ್ಲ, ಊರಿನಲ್ಲಿ ಹೇಳುವ ಹಾಗಿಲ್ಲ. ಇಳಿಸುವುದಕ್ಕೆ ಇರುವ ಜಾಗ ಅದೊಂದೇ. ಅದೇ ಮಗ ಶಾರ್ಜಾಕ್ಕೆ ಹೋದ ಮೇಲೆ ಫೋನ್ ಮಾಡಿ, ಮರಣ ಸರ್ಟಿಫಿಕೇಟಿನ ಪ್ರತಿ ಕಳಿಸಲು ಅಮ್ಮನಿಗೆ ಸ್ವಲ್ಪ ಸಹಾಯ ಮಾಡಿ ಅಕ್ಕ ಎಂದ. ಮಾಡಿದೆ.

ಬೊಜ್ಜ ಆದ ಮೇಲೆ ಮನೆ ಖಾಲಿಯಾಗುತ್ತದೆ. ನೆಂಟರು ಹೋಗುತ್ತಾರೆ, ಪಂಚಾಯತಿನ ಏರ್‌ಬೆಡ್ಡು, ಮಂಚ ವಾಪಸು ಹೋಗುತ್ತದೆ, ಗಡಿಯಾರ ನೋಡಿ ಏಳುವ ಕೆಲಸ ಇರುವುದಿಲ್ಲ. ನಾವು ಹೋಗಬೇಕಾದದ್ದು ಆಗ. ನಾನು ಈಗಲೂ ಆ ಅಜ್ಜಿಯ ಮನೆಗೆ ಹೋಗುತ್ತೇನೆ. ಅವರು ಬೀಡಿ ಕಟ್ಟುತ್ತಾ ಸೊಸೈಟಿಯವರಿಗೆ ಬೈಯುತ್ತಾರೆ, ಸರ ಇನ್ನೂ ಬಿಡಿಸಿಕೊಂಡಿಲ್ಲ.

ಖರ್ಚಿನ ಮಾತು: ಸಂಬಳ ಇಲ್ಲ, ಭತ್ಯೆ ಇಲ್ಲ. ಗಾಡಿಯಲ್ಲಿ ಹೋಗುವಾಗ ಖರ್ಚಿಲ್ಲ, ಆದರೆ ನಡುವೆ ನಾವೇ ಹೋಗಿ ಬರುವುದಿರುತ್ತದೆ. ನನಗೆ ಸ್ಕೂಟರಿನ ಪೆಟ್ರೋಲು, ಫೋನು ಸೇರಿ ತಿಂಗಳಿಗೆ 500ರ ಮೇಲೆ ಕೆಳಗೆ ಆಗುತ್ತದೆ. ದುಡ್ಡಿಗಿಂತ ಜಾಸ್ತಿ ಹೋಗುವುದು ಸಮಯ. ವಾರಕ್ಕೆ ಒಂದು ಬೆಳಗ್ಗೆ ಕೊಡಲು ಆಗುವುದಾದರೆ ಒಂದೇ ಹೇಳಿ. ಎರಡು ಹೇಳಿ ಒಂದಕ್ಕೆ ತಪ್ಪಿಸಿದರೆ, ಅಲ್ಲಿ ಒಬ್ಬ ಅಮ್ಮ ಪೇಟೆಗೆ ಹೊರಟು ನಿಂತಿರುತ್ತಾರೆ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸ್ವಲ್ಪ ಕಾಲ ಕಳೆದ ಮೇಲೆ ಸೇರಿ ಎಂದು ಅವರೇ ಹೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ಸೇರಬೇಕು ಎನ್ನುವವರು, ಅಥವಾ ಮನೆಯಲ್ಲಿ ರೋಗಿ ಇರುವವರು, ಮೊದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಹಿಡಿಯಿರಿ. ಸಿಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪಾಲಿಯೇಟಿವ್ ಸಿಸ್ಟರ್ ಯಾವ ದಿನ ಇರುತ್ತಾರೆ ಎಂದು ಕೇಳಿ. ಮಂಗಳೂರಿನ ಡಿಸ್ಚಾರ್ಜ್ ಕಾಗದ, ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ, ರೇಷನ್ ಕಾರ್ಡು ಕೈಯಲ್ಲಿರಲಿ. ತರಬೇತಿಯನ್ನು ಕನ್ನಡದಲ್ಲಿ ಮಾಡಿಕೊಡಿ ಎಂದು ನಾವು ಕೆಲವರು ಬರೆದುಕೊಟ್ಟಿದ್ದೇವೆ. ಇಪ್ಪತ್ತು ಜನ ಆದರೆ ಮಾಡುತ್ತೇವೆ ಎಂದಿದ್ದಾರೆ. ಸದ್ಯಕ್ಕೆ ಹನ್ನೊಂದು ಹೆಸರು ಆಗಿದೆ. ಅದರಲ್ಲಿ ಒಂದು ಆ ಉಪದೇಶದ ಮೇಷ್ಟ್ರದ್ದು, ಇನ್ನೊಂದು ಸಲ ಕೂರುತ್ತಾರಂತೆ.